ಹಗ್ಗದ ಇನ್ನೊಂದು ತುದಿ

ಕಿರ್ರ್, ಕಿರ್ರ್. ನಿಬ್ಬು ಮಸಿಯಲ್ಲಿ ಅದ್ದಿಕೊಳ್ಳುವಷ್ಟು ಹೊತ್ತಿನ ಮೌನ. ಮತ್ತೆ ಕಿರ್ರ್. ಬ್ರೂಕ್ಲಿನ್ನಿನ ಆ ಅಡುಗೆಮನೆಯಲ್ಲಿ ಬೆಳಗ್ಗೆ ಕಾಫಿ ಕುದಿಯುವ ಸದ್ದಿಗಿಂತ ಮೊದಲು ಕೇಳುವುದು ಇದೇ. ಸಿಗ್ನೆ ಕಾಮಿಕ್ಸ್ ಪುಟಗಳಿಗೆ ಅಕ್ಷರ ಬರೆಯುವವಳು. ಚಿತ್ರ ಒಬ್ಬರದು, ಮಾತು ಇನ್ನೊಬ್ಬರದು. ಆ ಮಾತನ್ನು ಗುಳ್ಳೆಗಳಲ್ಲೂ ಪೆಟ್ಟಿಗೆಗಳಲ್ಲೂ ದುಂಡಗೆ ಕೂರಿಸುವುದು ಅವಳ ಕೆಲಸ. ಗುದ್ದು ಬಿದ್ದಾಗ ಏಳುವ ‘ಢಮಾರ್’ ಕೂಡ ಅವಳ ಕೈಯದೇ. ಅದನ್ನು ಬರೆಯುವಾಗ ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಿದ್ದಳು, ತನಗೇ ಏಟು ಬೀಳುವುದೇನೋ ಎಂಬಂತೆ.

ಅವತ್ತು ಒಂಬತ್ತನೆಯ ಪುಟಕ್ಕೆ ಬಂದಾಗ ನಿಬ್ಬು ನಿಂತಿತು.

‘ಸೇತುವೆಗಾರ’ ಮಾಲಿಕೆಗೆ ಆಗ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಆ ನೆಪದಲ್ಲಿ ನಾಯಕನ ಹುಟ್ಟಿನ ಕಥೆಯನ್ನು ಮತ್ತೊಮ್ಮೆ ಹೇಳುವುದೆಂದು ನಿರ್ಧಾರವಾಗಿತ್ತು. ಆ ಕಥೆ ಬೀದಿಯ ಮಕ್ಕಳಿಗೆಲ್ಲ ಬಾಯಿಪಾಠ. ಸೇತುವೆಗೆ ಬಣ್ಣ ಬಳಿಯುತ್ತಿದ್ದ ಕೂಲಿಯವನಿಗೆ ಸಿಡಿಲು ಬಡಿಯುತ್ತದೆ. ನದಿಗೆ ಬಿದ್ದು ಮುಳುಗುತ್ತಿರುವಾಗ ಒಂದು ಹಗ್ಗ ಕೈಗೆ ಸಿಗುತ್ತದೆ. ಮೇಲೆ ಬರುವಷ್ಟರಲ್ಲಿ ಅವನ ತೋಳುಗಳಿಗೆ ಉಕ್ಕಿನ ಬಲ ಬಂದಿರುತ್ತದೆ.

ಹಗ್ಗ ಎಲ್ಲಿಂದ ಬಂತು? ಮೊದಲ ಸಂಚಿಕೆ ಅದನ್ನು ಹೇಳಿರಲಿಲ್ಲ. ಓದುಗರು ಕೇಳುತ್ತಲೇ ಇದ್ದರು. ಮುಂದೆ ಕಥೆ ಹೇಳಿದ ಒಬ್ಬ ಅದು ಯುದ್ಧನೌಕೆಯದು ಎಂದ. ಇನ್ನೊಬ್ಬ ಚಂದ್ರಲೋಕದವರು ಇಳಿಬಿಟ್ಟದ್ದು ಎಂದ. ಹಗ್ಗದ ಮೇಲೆ ಸಾಲಾಗಿ ಕಾಣುವ ಪುಟ್ಟ ಗೀಟುಗಳು ಅವರ ಮಂತ್ರಾಕ್ಷರಗಳಂತೆ. ಈಗಿನ ಕಥೆಗಾರ, ಹುಡುಗ ಟೆರೆನ್ಸ್, ಅದನ್ನು ನದಿದೇವತೆಯ ಜಡೆ ಮಾಡಿದ್ದ.

ಮೊದಲ ಸಂಚಿಕೆಯ ಚಿತ್ರ ಬರೆದವನು ಸಿಗ್ನೆಯ ಗಂಡ ಎತ್ತೋರೆ. ಈ ವಿಶೇಷ ಸಂಚಿಕೆಗೂ ಅವನನ್ನೇ ಕರೆದಿದ್ದರು. ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ಇದೇ ಕೊನೆಯದು ಎಂದು ಅವನೇ ಹೇಳಿಬಿಟ್ಟಿದ್ದ. ಆ ಕಂಪನಿಯ ಪದ್ಧತಿಯಲ್ಲಿ ಚಿತ್ರ ಮೊದಲು, ಮಾತು ಆಮೇಲೆ. ಒಂಬತ್ತನೆಯ ಪುಟದಲ್ಲಿ ಅವನು ನದಿದಡದ ಮನೆಯ ತಾರಸಿಯನ್ನೂ, ಅಲ್ಲಿಂದ ಬಟ್ಟೆ ಒಣಹಾಕುವ ಹಗ್ಗವನ್ನು ನೀರಿಗೆ ಎಸೆದು ನಿಂತ ದಪ್ಪ ತೋಳಿನ ಹೆಂಗಸೊಬ್ಬಳನ್ನೂ ಬರೆದಿದ್ದ. ಸರಿಯಾಗಿ ಅವಳ ಮೇಲೆ ಟೆರೆನ್ಸ್ ನೀಲಿ ಪೆನ್ಸಿಲ್ಲಿನಲ್ಲಿ ಚೌಕ ಎಳೆದಿದ್ದ. ಮಾತಿನ ಪೆಟ್ಟಿಗೆ ಕೂರಬೇಕಾದ ಜಾಗ ಅದು.

“ಆ ಹುಡುಗ ನಮ್ಮಮ್ಮನ ತಲೆ ಮೇಲೇ ಪೆಟ್ಟಿಗೆ ಕೂರಿಸಿದಾನೆ ಕಣೋ,” ಎಂದಳು ಸಿಗ್ನೆ.

ಎತ್ತೋರೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. “ಕೂರಿಸ್ಲಿ ಬಿಡು. ನಿಮ್ಮಮ್ಮಂಗೆ ಅಭ್ಯಾಸ ಆಗಿದೆ.”

ನಗು ತರಿಸಲೆಂದು ಹೇಳಿದ್ದು, ಇಬ್ಬರೂ ನಗಲಿಲ್ಲ.

ಸಿಗ್ನೆಯ ತಾಯಿ ರಾಗ್ನಾ, ನಾರ್ವೆಯಿಂದ ಬಂದ ಹಡಗುಗಾರರ ಮನೆಯ ಹೆಂಗಸು, ಮಕ್ಕಳ ಪುಸ್ತಕಕ್ಕೆ ಗೊಂಬೆ ಬರೆಯುವ ಇಟಲಿಯವನನ್ನು ಅಳಿಯನೆಂದು ಒಪ್ಪಿಕೊಂಡಿರಲೇ ಇಲ್ಲ. ಅವಳನ್ನು ಒಲಿಸಿಕೊಳ್ಳಲು ಎತ್ತೋರೆ ಒಂದು ದಿನ, “ಅತ್ತೆ, ಈ ಸಲದ ಪುಸ್ತಕದಲ್ಲಿ ನಾಯಕನ ಜೀವ ಉಳಿಸೋದು ನೀವೇ,” ಎಂದಿದ್ದ. ರಾಗ್ನಾ ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು ಮೂಲೆಯಂಗಡಿಗೆ ಹೋದಳು. ಪುಸ್ತಕ ಕೊಂಡು, ಅಲ್ಲೇ ನಿಂತು ಕನ್ನಡಕ ಏರಿಸಿ ಹುಡುಕಿದಳು. ಹಗ್ಗವಿತ್ತು. ಹಗ್ಗದ ತುದಿಯಲ್ಲಿ ಒಂದು ಪೆಟ್ಟಿಗೆಯಿತ್ತು: ‘ಆಹಾ! ವಿಧಿಯೇ ಎಸೆದ ಹಗ್ಗ!’

“ಸುಳ್ಳು ಹೇಳೋದಾದ್ರೆ ನೆಟ್ಟಗೆ ಹೇಳೋದು ಕಲ್ತ್ಕೋ ಮಗನೇ,” ಎಂದಳಂತೆ ಮನೆಗೆ ಬಂದು. ಸಾಯುವವರೆಗೂ ಅವನನ್ನು ‘ಹಗ್ಗದ ಮಹಾಶಯ’ ಎಂದೇ ಕರೆದಳು. ತೋರಿಸೋಣವೆಂದರೆ ಮೂಲ ಪುಟ ಕಂಪನಿಯ ಉಗ್ರಾಣ ಸೇರಿತ್ತು. ಬರೆದವರಿಗೆ ವಾಪಸು ಕೊಡುವ ಪದ್ಧತಿ ಆಗ ಇರಲಿಲ್ಲ.

“ನೀನೂ ನಂಬ್ಲಿಲ್ಲ ಅಲ್ವಾ?” ಎಂದ ಎತ್ತೋರೆ, ಬೆಣ್ಣೆಯ ಚಾಕು ನೋಡುತ್ತಾ.

ಸಿಗ್ನೆ ನಿಬ್ಬು ಒರೆಸಿದಳು. ಗಂಡ ಸುಳ್ಳುಗಾರನಲ್ಲ. ಆದರೆ ಬರೆಯಬೇಕೆಂದುಕೊಂಡದ್ದನ್ನೂ ಬರೆದದ್ದನ್ನೂ ಕಲಸಿಬಿಡುವ ಮನುಷ್ಯ. ಆ ಒಂದು ಎಳೆ ಅನುಮಾನ ಇಷ್ಟು ವರ್ಷವೂ ಮಂಚದ ನಡುವೆ ಮಲಗಿತ್ತು. ಅವಳು ಎದ್ದು ಪುಟವನ್ನೂ ನಿಬ್ಬು ಮಸಿಯನ್ನೂ ಚೀಲಕ್ಕೆ ಹಾಕಿ ಕೋಟು ತೊಟ್ಟಳು.

“ಎಲ್ಲಿಗೆ?”

“ಆಫೀಸಿಗೆ.”

“ಬಟ್ಟೆ ಒಣಹಾಕಿದೀಯ. ಮೋಡ ಆಗಿದೆ.”

“ನೀನಿಲ್ವಾ ತೆಗೆಯೋಕೆ?”

“ನಾನ್ ತೆಗೆದ್ರೆ ಪಕ್ಕದ ಮನೆಯವರ ಒಳಚಡ್ಡೀನೂ ತಂದ್ಬಿಡ್ತೀನಿ ನೋಡು.”

ಮ್ಯಾನ್‌ಹಟನ್ನಿನ ಆಫೀಸಿನಲ್ಲಿ ಟೆರೆನ್ಸ್ ಮೇಜಿನ ಮೇಲೆ ಕಾಲಿಟ್ಟುಕೊಂಡು ಯೋಚಿಸುತ್ತಿದ್ದ. ಅವಳನ್ನು ಕಂಡು ದಡಕ್ಕನೆ ಕಾಲಿಳಿಸಿದ.

“ಸಿಗ್ನೆ! ನೀವೇ ಬಂದ್ರಾ? ಪುಟ ಮುಗೀತಾ?”

“ಒಂಬತ್ತು ಮುಗೀಲಿಲ್ಲ. ಪೆಟ್ಟಿಗೆ ಚೂರು ಪಕ್ಕಕ್ಕೆ ಸರಿಸ್ಲಾ?”

“ಸರಿಸಿದ್ರೆ ಆ ಹೆಂಗಸು ಕಾಣ್ತಾಳಲ್ಲ.”

“ಕಾಣ್ಲಿ ಅಂತಾನೇ.”

ಟೆರೆನ್ಸ್ ತಲೆ ಕೆರೆದುಕೊಂಡ. ಸೇತುವೆಗಾರನನ್ನು ಓದಿಯೇ ಬೆಳೆದ ಹುಡುಗ ಅವನು. ಎತ್ತೋರೆ ಎದುರು ಬಂದರೆ ಮಾತೇ ಹೊರಡುತ್ತಿರಲಿಲ್ಲ. “ನಂಗೂ ಅವಳು ಇಷ್ಟಾನೇ. ಆದ್ರೆ ಮೊದಲ ಸಂಚಿಕೆಯಲ್ಲಿ ಅವಳಿಲ್ಲ. ಅಚ್ಚಾಗಿರೋದೇ ಸತ್ಯ, ಅದು ನಮ್ಮ ಕಾನೂನು. ‘ಈ ಮುದುಕಿ ಎಲ್ಲಿಂದ ಉದುರಿದ್ಲು’ ಅಂತ ಓದೋರು ಜೀವ ತಿಂತಾರೆ.”

“ನದಿದೇವತೆ ಎಲ್ಲಿಂದ ಉದುರಿದ್ಲು?”

“ದೇವತೆಗಳನ್ನ ಯಾರೂ ಕೇಳಲ್ಲ.” ಅವನು ನಕ್ಕು ಖಾನೆ ಎಳೆದ. ಹಳೆಯ ಪುಟಗಳನ್ನು ಬರೆದವರಿಗೆ ಮರಳಿಸುವುದು ಆ ವರ್ಷವಷ್ಟೇ ಶುರುವಾಗಿತ್ತು. ಎತ್ತೋರೆಗೆ ತಾನೇ ಕೊಡಬೇಕೆಂದು ಮೊದಲ ಸಂಚಿಕೆಯ ಹಗ್ಗದ ಪುಟವನ್ನು ತೆಗೆದಿರಿಸಿದ್ದ. “ಲಕೋಟೆ ನಾನೂ ಬಿಚ್ಚಿಲ್ಲ. ಬನ್ನಿ, ನೀವೇ ನೋಡಿ.”

ಪುಟ ಹೊರಬರುತ್ತಿದ್ದಂತೆ ಒಣಗಿದ ಎಲೆಯಂಥದೇನೋ ಜಾರಿ ನೆಲಕ್ಕೆ ಬಿತ್ತು. ಸಿಗ್ನೆ ಬಗ್ಗಿ ಎತ್ತಿಕೊಂಡಳು. ಸಣ್ಣ ಕಾಗದದ ಚೂರು. ಹಿಂಬದಿಯಲ್ಲಿ ಪುಡಿಯಾದ ಕಂದು ಅಂಟು. ಮುಂದೆ, ಆ ಕಾಲದಲ್ಲಿ ಅಕ್ಷರ ಬರೆಯುತ್ತಿದ್ದ ಯಾರದೋ ಅಂದವಾದ ಕೈಬರಹ: ‘ಆಹಾ! ವಿಧಿಯೇ ಎಸೆದ ಹಗ್ಗ!’

ಅಂಟು ಒಣಗಿ ಬಿಟ್ಟುಕೊಂಡಿತ್ತು. ಅದು ಕೂತಿದ್ದ ಜಾಗದಲ್ಲಿ ರಾಗ್ನಾ ನಿಂತಿದ್ದಳು. ಅದೇ ತಲೆವಸ್ತ್ರ, ಅದೇ ಅಗಲವಾದ ತೋಳು, ತುಟಿಗಳ ನಡುವೆ ಕಚ್ಚಿದ ಎರಡು ಕ್ಲಿಪ್ಪು. ಗಲ್ಲದ ಮಚ್ಚೆಯನ್ನೂ ಅವನು ಬಿಟ್ಟಿರಲಿಲ್ಲ. ಸಿಗ್ನೆ ಮುಟ್ಟಲು ಬೆರಳು ಚಾಚಿದಳು. ಬೆರಳಲ್ಲಿ ಮಸಿ ಇರಬಹುದೆಂದು ಹಿಂದಕ್ಕೆ ತೆಗೆದುಕೊಂಡಳು.

“ಬಟ್ಟೆ ಕ್ಲಿಪ್ಪು!” ಟೆರೆನ್ಸ್ ನೆಲದ ಮೇಲೆ ಕುಕ್ಕರಿಸಿದ. “ಹಗ್ಗದ ಮೇಲಿರೋದು ಮಂತ್ರಾಕ್ಷರ ಅಲ್ಲ, ಬಟ್ಟೆ ಕ್ಲಿಪ್ಪು! ಚಿಕ್ಕೋನಿದ್ದಾಗ ಭೂತಗನ್ನಡಿ ಹಿಡ್ಕೊಂಡು ಅದನ್ನ ಓದೋಕೆ ಕೂತಿದ್ದೆ ನಾನು! ಯಾರಿವರು?”

“ನಮ್ಮಮ್ಮ.”

ಅವನು ಒಮ್ಮೆ ಪುಟವನ್ನು, ಒಮ್ಮೆ ಅವಳ ಮುಖವನ್ನು ನೋಡಿದ.

“ನಿನ್ನ ಕಾನೂನು?” ಎಂದಳು ಸಿಗ್ನೆ.

“ಕಾನೂನು ಎಲ್ಲಿ ಮುರೀತು? ಮೊದಲ ಸಂಚಿಕೆಯಲ್ಲಿ ಇವರು ಇದ್ರು, ಪೆಟ್ಟಿಗೆ ಹಿಂದೆ ನಿಂತಿದ್ರು, ಅಷ್ಟೆ! ದೇವತೆ ನದಿಗೇ ವಾಪಸ್ ಹೋಗ್ಲಿ.”

“ಯುದ್ಧನೌಕೆ? ಚಂದ್ರಲೋಕದವರು?”

“ನದೀಲಿ ಮುಳುಗಿ ಅಷ್ಟು ನೀರು ಕುಡ್ದೋನು ಏನೇನೋ ಹೇಳ್ತಾನೆ ಬಿಡಿ. ಈಗ ಇವರು ಏನಂತಾರೆ? ನೀವೇ ಹೇಳಿ.”

ಸಿಗ್ನೆ ಅವನ ಮೇಜಿನ ಮೂಲೆಯಲ್ಲೇ ಕೂತು, ಹೊಸ ಒಂಬತ್ತನೆಯ ಪುಟ ಹರವಿ ಮಸಿ ಬಿಚ್ಚಿದಳು. ಕಿರ್ರ್, ಕಿರ್ರ್. ರಾಗ್ನಾಳ ಬಾಯಿಂದ ಗುಳ್ಳೆಯೊಂದು ಎದ್ದಿತು: ‘ಹಿಡ್ಕೋ. ಕ್ಲಿಪ್ಪು ಬೀಳಿಸ್ಬೇಡ.’

ಟೆರೆನ್ಸ್ ಅತ್ತಿಂದಿತ್ತ ಓಡಾಡತೊಡಗಿದ್ದ. ಕಿಟಕಿಯ ಗಾಜಿನ ಮೇಲೆ ಮೊದಲ ಹನಿ ಬಿತ್ತು. ಸಿಗ್ನೆ ಬರೆದ ಪುಟವನ್ನು ಅವನ ಮೇಜಿನ ಮೇಲಿಟ್ಟಳು. ಹಳೆಯದನ್ನು ಲಕೋಟೆಗೆ ಸೇರಿಸಿ ಕೋಟಿನೊಳಗೆ ಎದೆಗೆ ಒತ್ತಿಕೊಂಡಳು.

“ಕೇಳಿ ಸಿಗ್ನೆ, ಇವರಿಗೂ ಒಂದು ಶಕ್ತಿ ಕೊಡೋಣ. ಸಿಡಿಲು ಹಗ್ಗದಗುಂಟ ಹರಿದು ಇವರ ಕೈಗೂ ಬಂತು ಅಂತ ಇಟ್ಕೊಳ್ಳಿ. ಹೆಸರು ‘ಹಗ್ಗದಮ್ಮ’! ಇಲ್ಲ, ಇಲ್ಲ, ಇರಿ, ಅವರಿಗೊಬ್ಬ ಶತ್ರು ಬೇಕು, ಒಗೆಯೋ ಮೆಷಿನ್ನಿಂದ ಹುಟ್ಟಿದೋನು... ತಲೆವಸ್ತ್ರ ಯಾವ ಬಣ್ಣ? ಕೆಂಪಾ? ಸಿಗ್ನೆ? ಮೆಟ್ಟಿಲಲ್ಲಿ ಯಾಕೆ ಹೋಗ್ತಿದೀರಿ, ಲಿಫ್ಟ್ ಇದೆ! ಬಣ್ಣ ಹೇಳಿ ಹೋಗಿ!”

ಸಿಗ್ನೆ ಆಗಲೇ ಕೆಳಗಿನ ಮಹಡಿಯ ತಿರುವಿನಲ್ಲಿದ್ದಳು. ಮಳೆ ಜೋರಾಗುವ ಮೊದಲು ರೈಲು ಹಿಡಿಯಬೇಕಿತ್ತು. ಮನೆಯಲ್ಲಿ ಕಣ್ಣು ಕಾಣದ ಮುದುಕನೊಬ್ಬ ಪಕ್ಕದ ಮನೆಯವರ ಬಟ್ಟೆಯನ್ನೆಲ್ಲ ಒಳಗೆ ಎಳೆದುಕೊಳ್ಳುತ್ತಿದ್ದಾನು.