ಟ್ರ್ಯಾಕ್ಟರ್ ಹೋಯಿತು, ಕಲ್ಲು ಉಳಿಯಿತು

ಹೋದ ವಾರ ಒಂದು ಮಧ್ಯಾಹ್ನ ರಾಯಬಾಗ ರಸ್ತೆಯಲ್ಲಿ ನಮ್ಮ ಟ್ರ್ಯಾಕ್ಟರ್ ಪಂಕ್ಚರ್ ಆಯಿತು. ಹಿಂದೆ ಎರಡು ಟ್ರೇಲಿ ತುಂಬ ಕಬ್ಬು. ಇಂಥ ಹೊತ್ತಿನಲ್ಲಿ ನಾವೇನು ಮಾಡುತ್ತೇವೆ, ನಿಮಗೆ ಗೊತ್ತೇ ಇದೆ. ಹಿಂದೆ ಬರುವವರಿಗೆ ಕಾಣಲಿ ಎಂದು ರಸ್ತೆ ಮೇಲೆ ದಪ್ಪ ಕಲ್ಲು ಇಡುತ್ತೇವೆ. ಗಾಲಿ ಬದಲಾಯಿತೋ, ಹೊರಟೆವು. ಕಲ್ಲು? ಅಲ್ಲೇ. (ಇಡುವುದು ಸುರಕ್ಷತೆ, ತೆಗೆಯುವುದು ಯಾರ ಕೆಲಸವೂ ಅಲ್ಲ.)

ಡ್ರೈವರ್ ಮಾರುತಿ ಜಾಕ್ ಹಚ್ಚುತ್ತಿದ್ದ. ಕಲ್ಲು ಹೊತ್ತು ತಂದು ಇಟ್ಟವನು ನಾನು. ‘ಲಗೂನ ನಡಿ, ಫ್ಯಾಕ್ಟರಿ ಪಾಳಿ ತಪ್ಪತೈತಿ’ ಎಂದು ಅವಸರ ಮಾಡಿದವನೂ ನಾನೇ.

ಅಂದು ಸಂಜೆ ಶಾಲೆಯಲ್ಲಿ ಪಾಠ ಮುಗಿಸಿ ಸ್ಕೂಟರಿನಲ್ಲಿ ಚಿಂಚಲಿಗೆ ಹೊರಟಿದ್ದ ಕಾಂಬಳೆ ಅಕ್ಕೋರು ಆ ಕಲ್ಲಿಗೆ ಹಾಯ್ದು ಬಿದ್ದರು. ಕಾಲು ಮುರಿಯಿತು. ಅಕ್ಕಪಕ್ಕದ ಹೊಲದವರು ಟ್ರ್ಯಾಕ್ಟರಿನ ಗುರುತು ಹೇಳಿದರು. ಕೇಸಾಯಿತು, ಮಾರುತಿ ಮೇಲೆ.

ಆಸ್ಪತ್ರೆಗೆ ಹೋದೆ. ಅಕ್ಕೋರು ಬೈಯಲಿಲ್ಲ. ‘ಮಧ್ಯಾಹ್ನದಿಂದ ಅಷ್ಟು ಮಂದಿ ಅಡ್ಡಾಡ್ಯಾರ. ಒಬ್ಬರಿಗೂ ಆ ಕಲ್ಲು ಸರಸಬೇಕು ಅನಸಲಿಲ್ಲೇನ್ರಿ?’ ಎಂದರು. ನನಗೆ ನಾಚಿಕೆಯಾಯಿತು. ಹಾಗಾದರೆ ಕಲ್ಲನ್ನು ಸುತ್ತು ಹಾಕಿ ಹೋದವರೆಲ್ಲ ಅಪರಾಧಿಗಳೇ? ಬೇಕೆಂದೇ ಯಾರೂ ಮಾಡಿಲ್ಲವಲ್ಲ?

ತಲೆ ಕೆಟ್ಟು ಚಿಕ್ಕೋಡಿಯ ವಕೀಲ ಗೆಳೆಯನ ಹತ್ತಿರ ಹೋಗಿ ಎಲ್ಲ ಹೇಳಿದೆ.

‘ಬೇಕಂತ ಮಾಡಿರಬೇಕು ಅಂತಿಲ್ಲೋ,’ ಅಂದ. ‘ಸುಮ್ನ ಹಾದು ಹೋದವರನ್ನ ಕಾಯ್ದೆ ಹಿಡಿಯೂದಿಲ್ಲ. ಆದ್ರ ಅಪಾಯ ತಂದಿಟ್ಟಾಂವಗ ಅದನ್ನ ತಗಿಯೂ ಜವಾಬ್ದಾರಿ ಇರ್ತೈತಿ. ಏನ್ ಮಾಡಬೇಕು ಅಂತ ಗೊತ್ತಿದ್ದೂ ಸುಮ್ನಿದ್ದಿ, ಇನ್ನೊಬ್ಬರಿಗೆ ಪೆಟ್ಟಾತು. ಅದಕ್ಕ ಕ್ರಿಮಿನಲ್ ನೆಗ್ಲಿಜೆನ್ಸ್ ಅಂತಾರ.’

‘ಮರೆವಿಗೂ ಅಪರಾಧಕ್ಕೂ ನಡುವಿನ ಗೆರೆ ಎಲ್ಲೈತಿ?’

‘ಅದನ್ನ ಕೋರ್ಟ್ ಹೇಳ್ತೈತಿ.’ (ಅವನಿಗೂ ಗೊತ್ತಿಲ್ಲ ಎಂದಾಯಿತು.)

ಮಾರುತಿ ಪೊಲೀಸರ ಮುಂದೆ ನನ್ನ ಹೆಸರೆತ್ತಿಲ್ಲ. ಹಿಂದಿನ ದಿನ ಯಾಕೋ ಎಂದು ಕೇಳಿದರೆ, ‘ಕಲ್ಲು ನೀವು ತಗದಿರಿ ಅನ್ಕೊಂಡಿದ್ನಿರಿ. ಇರ್ಲಿ ಬಿಡ್ರಿ ಮಾಲಕ್ರ, ಗಾಡಿ ಹೊಡದಾಂವ ನಾನ’ ಎಂದಿದ್ದ. ಅವನು ತೆಗೆದಿರಬೇಕೆಂದು ನಾನೂ ಅಂದುಕೊಂಡಿದ್ದೆನೇ? ನಿಜ ಹೇಳಲೇ? ನಾನು ಏನೂ ಅಂದುಕೊಂಡಿರಲಿಲ್ಲ.

‘ಕಲ್ಲು ಇಟ್ಟಾಂವ ನಾನ ಅಂತ ಸ್ಟೇಷನ್ನಿಗೆ ಹೋಗಿ ಹೇಳಿಬಿಡ್ಲೇನು?’ ಎಂದು ವಕೀಲನನ್ನು ಕೇಳಿದೆ.

‘ಹುಚ್ಚೇನು? ಮಾರುತಿ ಬಿಟ್ರ ಯಾರಿಗೂ ಗೊತ್ತಿಲ್ಲ. ಸುಮ್ನಿರು.’

ಗೊತ್ತಿದ್ದೂ ಸುಮ್ಮನಿರುವುದಕ್ಕೆ ಈಗತಾನೇ ಇವನೇ ಏನೋ ಒಂದು ಹೆಸರು ಹೇಳಿದ್ದನಲ್ಲವೇ?