ಬೀಗ ತೆಗೆಯುವ ಪಾಠ

ಮೊನ್ನೆ ಸೊರಬದ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ನಿಂತುಹೋಯಿತು. ಪರದೆಯ ಮೇಲೆ ಸಣ್ಣ ಚಕ್ರವೊಂದು ಸುಮ್ಮನೆ ಸುತ್ತುತ್ತಿತ್ತು. ಡಬ್ಬದೊಳಗಿಂದ ಕಾದ ಧೂಳಿನ ವಾಸನೆ. ನನಗೆ ಗೆಸ್ಟ್ ಮೇಷ್ಟ್ರು ನೆನಪಾದರು...

ಶಿರಾಳಕೊಪ್ಪದ ಆಚೆ ಒಂದು ಕಾಲೇಜಿನಲ್ಲಿ ನಾನು ಕಾಯಂ ಕನ್ನಡ ಮೇಷ್ಟ್ರಾಗಿದ್ದೆ. ಅವರು ಆನವಟ್ಟಿಯಿಂದ ಬಸ್ಸಿನಲ್ಲಿ ಬಂದು ಆಪರೇಟಿಂಗ್ ಸಿಸ್ಟಮ್ ಕಲಿಸುತ್ತಿದ್ದರು. ಅತಿಥಿ ಉಪನ್ಯಾಸಕರಾದ್ದರಿಂದ ಪ್ರಿನ್ಸಿಪಾಲರಿಂದ ಹಿಡಿದು ಜವಾನನವರೆಗೆ ಎಲ್ಲರ ಬಾಯಲ್ಲೂ ಅವರು ‘ಗೆಸ್ಟು’. ಅತಿಥಿ ಸತ್ಕಾರದ ಅಂಗವಾಗಿ ಅವರಿಗೆ ಒಂದು ಕೈ ಮುರಿದ ಕುರ್ಚಿಯನ್ನು ದಯಪಾಲಿಸಲಾಗಿತ್ತು. ಸ್ಟಾಫ್ ರೂಮಿಗೂ ಅವರ ತರಗತಿಗೂ ನಡುವೆ ಬರೀ ಪ್ಲೈವುಡ್ ಗೋಡೆ. ಹಾಗಾಗಿ ಆ ವಿದ್ಯೆ ನನಗೂ ಒಂದಿಷ್ಟು ಬಲವಂತವಾಗಿ ಪ್ರಾಪ್ತವಾಯಿತು.

ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದನ್ನು ಸಾಕಬಹುದಂತೆ. ಹೊರಗಿನದು ಹೋಸ್ಟ್, ಅಂದರೆ ಮನೆ ಯಜಮಾನ. ಒಳಗಿನದು ಗೆಸ್ಟ್. ಒಂದೇ ಸಾಮಾನಿಗೆ ಇಬ್ಬರು ಒಟ್ಟಿಗೆ ಕೈಹಾಕದಂತೆ, ಕೆಲಸ ಮುಗಿಯುವವರೆಗೆ ಒಬ್ಬರೇ ಹಿಡಿದಿಟ್ಟುಕೊಳ್ಳುವ ಹಕ್ಕಿಗೆ ಅಲ್ಲಿ ಬೀಗ ಎನ್ನುತ್ತಾರಂತೆ. ಈ ಪಾಠ ಶುರುವಾದಾಗಲೇ ಹುಡುಗರು ಕಿಸಕ್ಕೆಂದಿದ್ದರು.

ಆ ವಾರವೇ ವರ್ಗಾವಣೆಯಾಗಿ ಒಬ್ಬ ಕಾಯಂ ಉಪನ್ಯಾಸಕರು ಬಂದರು. ಅವರು ಹಾಜರಾದ ಗಳಿಗೆಗೆ ಗೆಸ್ಟಿನ ಕೆಲಸ ಹೋಯಿತು. ಇದು ಎಲ್ಲರಿಗೂ ತಿಳಿಯಿತು, ಗೆಸ್ಟ್ ಒಬ್ಬರನ್ನು ಬಿಟ್ಟು.

“ಹೇಳಿಬಿಡೋದು ಒಳ್ಳೇದಲ್ವಾ ಸರ್?” ಎಂದು ಪ್ರಿನ್ಸಿಪಾಲರನ್ನು ಕೇಳಿದೆ.

“ತಡೀರಿ ಮೇಷ್ಟ್ರೇ. ಆ ಬೀಗದ ಪಾಠ ಹೊಸಬರಿಗೆ ಬರಲ್ವಂತೆ. ಮುಗಿಸ್ಲಿ, ಆಮೇಲೆ ಹೇಳೋಣ.”

ಹೊಸಬರನ್ನು ‘ತಪಾಸಣೆಗೆ ಬಂದವರು’ ಎಂದು ಗೆಸ್ಟ್ ಮೇಷ್ಟ್ರಿಗೆ ಪರಿಚಯಿಸಲಾಯಿತು. ಪಾಪ, ಅವರು ಮರುದಿನದಿಂದ ಇಸ್ತ್ರಿ ಅಂಗಿ ತೊಟ್ಟು, ಗೋಡೆಯ ಈಚೆಗೂ ಕೇಳಲೆಂದು ದನಿ ಎತ್ತರಿಸಿ ಪಾಠ ಮಾಡತೊಡಗಿದರು. ತಪಾಸಣಾಧಿಕಾರಿಗಳು ಈಚೆ ಕೂತು ಪೇಪರ್ ಓದುತ್ತಿದ್ದರು.

“ಬೀಗ ಹಿಡಿದವನನ್ನ ಅರ್ಧ ಕೆಲಸದಲ್ಲಿ ಜಾಗದಿಂದ ಎಬ್ಬಿಸಬಾರದು ಕಣ್ರೋ. ಕೆಲಸ ಮುಗಿಯೋತನಕ ನನ್ನ ಯಾರೂ ಎಬ್ಬಿಸಂಗಿಲ್ಲ ಅಂತ ಗೆಸ್ಟ್ ಕಟ್ಟುಪಾಡು ಮಾಡ್ಕೊಂಡೇ ಬೀಗ ಹಿಡಿಯುತ್ತೆ. ಆದ್ರೆ ಆ ಕಟ್ಟುಪಾಡು ಅದರ ಮನೆಯೊಳಗೆ ಮಾತ್ರ. ಹೋಸ್ಟ್ ಅದನ್ನ ಕೇಳಲ್ಲ. ಕೆಲಸ ಮಾಡೋ ಪ್ರೊಸೆಸರನ್ನೇ ಕಿತ್ಕೊಂಡು ಇನ್ನೊಬ್ಬರಿಗೆ ಕೊಟ್ಟುಬಿಡುತ್ತೆ. ಬೀಗ ಮಾತ್ರ ಇದರ ಕೈಲೇ ಉಳೀತು. ಆ ಬೀಗಕ್ಕೆ ಕಾಯೋರು ನಿಂತಲ್ಲೇ ಗಿರಕಿ ಹೊಡೀತಾರೆ.”

“ಕಿತ್ಕೊಂಡಿದ್ದು ಗೆಸ್ಟಿಗೆ ಗೊತ್ತಾಗಲ್ವಾ ಸರ್?” ಒಬ್ಬ ಕೇಳಿದ.

“ಇಲ್ಲ. ತಾನಿನ್ನೂ ಓಡ್ತಾನೇ ಇದೀನಿ ಅಂದ್ಕೊಂಡಿರುತ್ತೆ.”

ತರಗತಿ ಗೊಳ್ಳೆಂದಿತು. ಪಾಠ ತಲೆಗೆ ಹತ್ತಿತೆಂದು ತಿಳಿದು ಮೇಷ್ಟ್ರೂ ನಕ್ಕರು.

“ಹಂಗಾದ್ರೆ ಯಾವಾಗ ಗೊತ್ತಾಗುತ್ತೆ? ಯಾರು ಹೇಳ್ತೀರಿ?”

“ನಿಮಗೆ ಗೊತ್ತಾದಾಗ ನೀವೇ ಹೇಳಿ ಸರ್.”

ಈ ಸಲದ ನಗು ಬಹಳ ಹೊತ್ತಾದರೂ ನಿಲ್ಲಲಿಲ್ಲ. ಅದರ ನಡುವೆ ಮೇಷ್ಟ್ರ ನಗು ಎಲ್ಲಿ ನಿಂತಿತೋ ನನಗೆ ಕೇಳಿಸಲಿಲ್ಲ...

ಸ್ಟಾಫ್ ರೂಮಿಗೆ ಬಂದರು. ಅಂಗೈ ತುಂಬ ಚಾಕ್ ಪುಡಿ. ಹೊಸಬರನ್ನು ನೋಡಿದರು, ನನ್ನನ್ನು ನೋಡಿದರು, ಅಲ್ಲೇ ಇದ್ದ ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತರು. ಜಗಳವಾಡಲಿಲ್ಲ.

“ಬೀಗ ಹಾಕೋದು ಹೇಳಿದೀನಿ ಸರ್, ತೆಗೆಯೋದು ಹೇಳಿಲ್ಲ. ಇನ್ನೊಂದು ಕ್ಲಾಸ್ ಕೊಡಿ. ಸಂಬಳ ಬೇಡ.”

“ಅದು ಪರೀಕ್ಷೆಗೆ ಬರಲ್ಲ ಬಿಡ್ರಿ,” ಅಂದರು ಹೊಸಬರು, ಪೇಪರ್ ಇಳಿಸದೆ.

ಬರಲೂ ಇಲ್ಲ. ಹುಡುಗರೆಲ್ಲ ಪಾಸಾದರು.

ಜೆರಾಕ್ಸ್ ಅಂಗಡಿಯಿಂದ ಮನೆಗೆ ಬಂದವನು ಫೋನಿನಲ್ಲಿ ‘ಗೆಸ್ಟು’ ಎಂದೇ ಉಳಿದಿದ್ದ ನಂಬರು ಒತ್ತಿದೆ. ಒಬ್ಬ ಹೆಣ್ಣುಮಗಳು ಎತ್ತಿದಳು.

“ಯಾರು ಬೇಕಿತ್ತು?”

ಹೆಸರು ಹೇಳಬೇಕಿತ್ತು. ತಡಕಾಡಿದೆ, ಸಿಗಲಿಲ್ಲ.

“ಮೇಷ್ಟ್ರು... ನಾನು ಕಾಲೇಜಿನವನಮ್ಮ.”

“ಅಪ್ಪ ತೀರಿಕೊಂಡು ವರ್ಷವಾಯ್ತಲ್ಲ. ಕಾಲೇಜಿಗೆ ಅವತ್ತೇ ಹೇಳಿದ್ವಿ,” ಅಂದಳು.

ನನಗೆ ಯಾರೂ ಹೇಳಿರಲಿಲ್ಲ. ವರ್ಷವಿಡೀ ಅವರು ಬದುಕಿದ್ದಾರೆಂದೇ ಅಂದುಕೊಂಡಿದ್ದೆ...