‘ಎಲ್ಲಿ, ತೋರ್ಸಿ’ ಎನ್ನುವ ಗಿರಿಜ ಚಿಕ್ಕಮ್ಮ

ನಮ್ಮ ಗಿರಿಜ ಚಿಕ್ಕಮ್ಮ ಜೀವಮಾನದಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ‘ತೋರ್ಸಿ’ ಎನ್ನುವುದೇ ಇರಬೇಕು. ಕಲ್ಲಂಗಡಿ ಒಳಗೆ ಕೆಂಪಗಿದೆ ಅಂದವನಿಗೆ ‘ಕುಯ್ದು ತೋರ್ಸಪ್ಪ’. ಮೇಲಿನ ಟ್ಯಾಂಕು ತೊಳೆದಾಯ್ತು ಅಂದವನ ಹಿಂದೆಯೇ ಏಣಿ ಹತ್ತಿ ‘ಎಲ್ಲಿ, ತೋರ್ಸು’. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ತಿನ್ನುತ್ತ, ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ ಎಂದು ಹೇಳಿದಾಗ ಒಳಗಿನಿಂದ ಕಾಫಿ ಲೋಟ ಹಿಡಿದು ಬಂದ ಚಿಕ್ಕಮ್ಮ, ‘ಐಡಿ ಕಾರ್ಡ್ ತಂದಿದೀಯಾ? ತೋರ್ಸಪ್ಪ’ ಅಂದುಬಿಟ್ಟಳು. ಅಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ. ಹುಡುಗ, ಅಂದರೆ ಮಹೇಶ, ತಟ್ಟೆ ಪಕ್ಕಕ್ಕಿಟ್ಟು, ಜೇಬು ತಡಕಿ ಕಾರ್ಡು ಕೊಟ್ಟರು. ಚಿಕ್ಕಮ್ಮ ಫೋಟೋವನ್ನೂ ಎದುರಿಗಿದ್ದ ಮುಖವನ್ನೂ ಎರಡೆರಡು ಸಲ ತಾಳೆ ನೋಡಿ, ‘ಮೀಸೆ ಆಮೇಲೆ ಬಿಟ್ಟಿದ್ದಾ?’ ಎಂದು ಕೇಳಿ ವಾಪಸ್ಸು ಕೊಟ್ಟಳು. ನಮ್ಮ ಮದುವೆಗೆ ಮೊದಲು ಒಪ್ಪಿಗೆ ಕೊಟ್ಟವಳು ಅವಳೇ.

ಅವಳು ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಚಿಕ್ಕಪ್ಪ ಹೋದ ಮೇಲೆ ಸೇರಿದ ಕೆಲಸ. ಕುಳ್ಳನೆಯ ಆಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಹೆಗಲಿಗೆ ಚರ್ಮದ ಚೀಲ ಹಾಕಿ, ಜನ ತುಂಬಿದ ಬಸ್ಸಿನೊಳಗೆ ನೀರಿನಲ್ಲಿ ನಡೆದ ಹಾಗೆ ನಡೆದು ಹೋಗುತ್ತಿದ್ದಳು. ನಿವೃತ್ತಿಯಾಗಿ ದೀಪಾಂಜಲಿ ನಗರದ ಮನೆಯಲ್ಲಿ ಒಬ್ಬಳೇ ಇದ್ದಾಗಲೂ ಎಡಹೆಗಲು ಒಂಚೂರು ಕೆಳಗೇ ಇತ್ತು.

ಹುಟ್ಟುವಾಗಲೇ ಹೀಗೇನೂ ಇರಲಿಲ್ಲ ಎನ್ನುತ್ತಿದ್ದಳು ಅಮ್ಮ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ, ಹಣೆತುಂಬ ವಿಭೂತಿ ಧರಿಸಿದ್ದ ಹಿರಿಯರೊಬ್ಬರು ‘ಪಾಸ್ ಇದೆಯಮ್ಮ’ ಅಂದರಂತೆ. ತಂದೆಯಂಥವರು, ಕೇಳುವುದು ಹೇಗೆ ಎಂದು ಇವಳು ಮುಂದಕ್ಕೆ ಹೋದಳು. ಮುಂದಿನ ಸ್ಟಾಪಿನಲ್ಲಿ ಚೆಕಿಂಗ್‌ನವರು ಹತ್ತಿದರು. ಪಾಸಿರಲಿಲ್ಲ. ಆ ಹಿರಿಯರು ಇವಳ ಕಡೆ ಕೈ ತೋರಿಸಿ, ‘ಈಯಮ್ಮ ಟಿಕೆಟ್ ಕೊಡಲೇ ಇಲ್ಲ’ ಅಂದರಂತೆ. ಮೆಮೊ ಬಂದದ್ದು, ಸಸ್ಪೆಂಡ್ ಆಗಿ ಮನೆಯಲ್ಲಿ ಕೂತದ್ದು, ಎಲ್ಲ ಆಯಿತು. ‘ಇದೆ ಅಂದ್ರೆ ಸಾಲ್ದು ಕಣೇ ಉಷಾ. ಇದ್ರೆ ತೋರ್ಸೋದಕ್ಕೇನು ಕಷ್ಟ?’ ಎಂದು ಅವಳು ನನಗೆ ಹೇಳುವಾಗ ಆ ವಿಭೂತಿಯ ಮುಖ ಅವಳ ಕಣ್ಣ ಮುಂದೆಯೇ ಇರುತ್ತಿತ್ತೇನೋ.

ನಾವು ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳುತ್ತೇವೆ ಅಂದಾಗ ಚಂದ್ರಾ ಲೇಔಟಿನ ನಮ್ಮ ಮನೆಗೆ ಅವಳು ಹೇಳದೆ ಕೇಳದೆ ಬಂದಳು. ‘ನಾನೂ ಬರ್ತೀನಿ ಶೋರೂಮಿಗೆ. ನೀವಿಬ್ರೂ ಯಾರು ಏನ್ ಹೇಳಿದ್ರೂ ತಲೆ ಆಡಿಸ್ತೀರ.’

ಶೋರೂಮಿನ ಹುಡುಗ ಕಾರ್ತಿಕ್ ಟೈ ಕಟ್ಟಿಕೊಂಡು, ಬಾಯಿತುಂಬ ನಗುತ್ತ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿದ. ಮನೆಯಲ್ಲಿ ಗೀಸರ್‌ಗೆ ಹಾಕುವಂಥ ದಪ್ಪ ಪ್ಲಗ್ಗಿನಲ್ಲೇ ರಾತ್ರಿಯಿಡೀ ಚಾರ್ಜ್ ಮಾಡಬಹುದು ಎಂದ. ‘ಊರಿಗೆ ಹೋಗುವಾಗ?’ ಎಂದರು ಮಹೇಶ.

‘ಫಾಸ್ಟ್ ಚಾರ್ಜಿಂಗ್ ಇದೆ ಸಾರ್. ಎಲ್ಲಾ ಕಡೆ ಆಗುತ್ತೆ. ಯೂನಿವರ್ಸಲ್.’

‘ಹಂಗಂದ್ರೆ?’ ಎಂದಳು ಚಿಕ್ಕಮ್ಮ.

‘ಯಾವ ಸ್ಟೇಷನ್‌ಗೆ ಹೋದ್ರೂ ಪ್ಲಗ್ ಕೂರುತ್ತೆ ಆಂಟಿ.’

‘ಎಲ್ಲಿ, ತೋರ್ಸು.’

ಪಾಪ, ಅವನು ಮೊದಲು ಮೊಬೈಲಿನಲ್ಲಿ ನಕಾಶೆ ತೋರಿಸಿದ. ನಮ್ಮ ಮನೆಯ ಸುತ್ತಮುತ್ತ ಹಸಿರು ಚುಕ್ಕೆಗಳು ತುಂಬಿದ್ದವು. ‘ಚುಕ್ಕೆ ಬೇಡ, ಪ್ಲಗ್ಗು’ ಎಂದಳು. ಕೊನೆಗೆ ಟೆಸ್ಟ್ ಡ್ರೈವ್ ಕಾರಿನಲ್ಲೇ ಹೊರಟೆವು. ನಮಗೆ ಎಲ್ಲಕ್ಕಿಂತ ಹತ್ತಿರದ ಚುಕ್ಕೆ ಒಂದು ಪಾರ್ಕಿಂಗ್ ಜಾಗದ ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದ ಯಂತ್ರ. ಅದಕ್ಕೆ ತೂಗುಹಾಕಿದ್ದ ದಪ್ಪ ಕೇಬಲ್ಲಿನ ತುದಿಯಲ್ಲಿ, ಪೆಟ್ರೋಲ್ ಬಂಕಿನ ಗನ್ನಿನಂಥದ್ದು. ಚಾರ್ಜಿಂಗ್‌ನವರೂ ಅದನ್ನು ಗನ್ ಎಂದೇ ಕರೆಯುತ್ತಾರೆ. ಕಾರ್ತಿಕ್ ಕಾರಿನ ಮುಚ್ಚಳ ತೆಗೆದ. ಕಾರಿನಲ್ಲಿ ಮೇಲೆ ಏಳು ಸಣ್ಣ ತೂತು, ಕೆಳಗೆ ಎರಡು ದೊಡ್ಡವು. ಗನ್ನಿನ ಮೂತಿ ಬರೀ ದುಂಡಗೆ. ಅವನು ಒತ್ತಿದ, ತಿರುಗಿಸಿದ, ಬೆವರು ಒರೆಸಿಕೊಂಡ. ಎಲ್ಲಿ ಕೂರುತ್ತದೆ?

‘ಇದು ಹಳೇ ಸ್ಟ್ಯಾಂಡರ್ಡು ಆಂಟಿ. ಮುಂಚಿನ ಕಾರುಗಳಿಗೆ ಇತ್ತು. ಈಗ ಬರೋ ಕಾರಿಗೆಲ್ಲ ಸಿಸಿಎಸ್ ಟೂ ಅಂತ ಬೇರೆ ಪ್ಲಗ್ಗು.’

‘ಮತ್ತೆ ಎಲ್ಲಾ ಕಡೆ ಅಂದ್ಯಲ್ಲ?’

‘ಅಡಾಪ್ಟರ್ ಸಿಗುತ್ತೆ ಆಂಟಿ ಹೊರಗಡೆ...’

‘ಅದನ್ನ ನಿಮ್ ಕಂಪ್ನಿ ಕೊಡತ್ತಾ?’

‘ಇಲ್ಲ.’

‘ನಿಮ್ಮಮ್ಮ ಈ ಕಾರ್ ತಗೊಂಡಿದ್ರೆ ನೀನು ಅದನ್ನ ಹಾಕಿ ಚಾರ್ಜ್ ಮಾಡ್ತಿದ್ಯಾ?’

ಅವನ ನಗು ನಿಂತಿತು. ಗನ್ನನ್ನು ವಾಪಸ್ಸು ಯಂತ್ರಕ್ಕೆ ಸಿಕ್ಕಿಸಿ, ‘ಇಲ್ಲ ಆಂಟಿ. ಬೇಡ. ಅದು ಸೇಫ್ ಅಲ್ಲ, ಹಾಕ್ಬೇಡಿ’ ಎಂದ. ಆ ಮಾತಿನ ನಂತರವೇ ಚಿಕ್ಕಮ್ಮ ಅವನನ್ನು ‘ಮಗು’ ಎಂದು ಕರೆಯತೊಡಗಿದ್ದು. ಅವನೇ ಮುಂದಾಗಿ ಇನ್ನೆರಡು ಕಡೆ ಕರೆದುಕೊಂಡು ಹೋದ. ಒಂದು ಕಡೆ ಗೋಡೆಯಲ್ಲಿ ಬರೀ ಸಾಕೆಟ್ಟು, ಕೇಬಲ್ ನಾವೇ ಒಯ್ಯಬೇಕು, ಅದು ಕಾರಿನ ಜೊತೆ ಬರುವುದಿಲ್ಲ. ಇನ್ನೊಂದು ಕಡೆ ಗನ್ನು ಟಕ್ಕೆಂದು ಕೂತಿತು. ಚಿಕ್ಕಮ್ಮ ಬಗ್ಗಿ, ಕಿವಿ ಹತ್ತಿರ ಇಟ್ಟು, ‘ಇನ್ನೊಂದ್ ಸಲ ಹಾಕು’ ಅಂದಳು. ಎರಡನೆಯ ಸಲವೂ ಟಕ್ಕೆಂದ ಮೇಲೆ, ‘ತಗೊಳ್ಳಿ’ ಎಂದು ನಮ್ಮತ್ತ ತಿರುಗಿದಳು.

ಕಾರು ಬಂದ ಮೇಲೆ ಅವಳ ಅನುಮಾನ ಕಡಿಮೆಯಾಗುವುದಿರಲಿ, ಅದಕ್ಕೆ ಹೊಸ ಜಾಗ ಸಿಕ್ಕಿತು. ನಾವು ಚಾರ್ಜಿಗೆ ಹಾಕಿ ಕಾಫಿಗೆ ಹೋದರೆ ಅವಳು ಬರುತ್ತಿರಲಿಲ್ಲ. ‘ಯಾರಾದ್ರೂ ಕಿತ್ತು ತಮ್ದು ಹಾಕ್ಕೊಂಡ್ರೆ?’ ಎಂದು ಕಾರಿನ ಪಕ್ಕವೇ ಕಾಲು ಅಗಲಿಸಿ ನಿಲ್ಲುತ್ತಿದ್ದಳು, ಬಸ್ಸಿನ ಫುಟ್‌ಬೋರ್ಡ್ ಮೇಲೆ ನಿಂತ ಹಾಗೆ. ಬಂದುಹೋಗುವವರನ್ನೆಲ್ಲ ಅಳೆಯುತ್ತಿದ್ದಳು. ಹಾಗೆ ನೋಡಿ ನೋಡಿ ನನಗೂ ಅದೇ ಚಾಳಿ ಅಂಟಿತ್ತು. ಪಕ್ಕದಲ್ಲಿ ಯಾರಾದರೂ ಸುಮ್ಮನೆ ನಿಂತರೂ ಏನೋ ಹೊಂಚು ಹಾಕುತ್ತಿದ್ದಾರೆ ಅನ್ನಿಸುತ್ತಿತ್ತು.

ಒಂದು ಭಾನುವಾರ ಮಂಡ್ಯದಿಂದ ವಾಪಸ್ಸು ಬರುತ್ತ ಕೆಂಗೇರಿಯ ಹತ್ತಿರ ಒಂದು ಹೋಟೆಲಿನ ಆವರಣದಲ್ಲಿ ಚಾರ್ಜಿಗೆ ಹಾಕಿದೆವು. ಮಹೇಶ, ನಾನು ಒಳಗೆ ಹೋದೆವು. ಚಿಕ್ಕಮ್ಮ ಮುಖ ತೊಳೆಯಲು ಐದು ನಿಮಿಷ ಆಚೆ ಹೋಗಿದ್ದಳಂತೆ. ನಮ್ಮ ಕಾಫಿ ಇನ್ನೂ ಬಂದಿರಲಿಲ್ಲ, ಅವಳ ಧ್ವನಿ ಕೇಳಿಸಿತು. ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿಗೆ ಕೇಳಿಸುವ ಧ್ವನಿ ಅದು.

‘ಕಳ್ಳ! ಹಿಡ್ಕೊಳ್ರೋ ಇವನ್ನ!’

ಓಡಿ ಹೋದೆವು. ಯಂತ್ರದ ದೀಪ ಕೆಂಪಾಗಿತ್ತು, ಚಾರ್ಜಿಂಗ್ ನಿಂತಿತ್ತು. ಡೆಲಿವರಿ ಕಂಪನಿಯ ಟೀ ಶರ್ಟ್ ಹಾಕಿದ್ದ, ಮೂವತ್ತರ ಆಸುಪಾಸಿನ ಒಬ್ಬನ ಕಾಲರನ್ನು ಸೆಕ್ಯೂರಿಟಿಯವನು ಹಿಡಿದುಕೊಂಡಿದ್ದ. ಪಕ್ಕದಲ್ಲಿ ಅವನ ಎಲೆಕ್ಟ್ರಿಕ್ ಸ್ಕೂಟರ್. ಜನ ಸೇರಿದ್ದರು. ಇನ್ನೊಂದು ಕಾರಿನ ಮಾಲೀಕ ಮೊಬೈಲ್ ಎತ್ತಿ ಅವನ ಮುಖದ ಫೋಟೋ ತೆಗೆಯುತ್ತ, ‘ನಮ್ ಇವಿ ಕಾರಿನೋರ ವಾಟ್ಸಾಪ್ ಗ್ರೂಪಿಗೆ ಹಾಕ್ತೀನಿ ಇರಿ. ಇವರದ್ದು ಇದೇ ಕೆಲ್ಸ’ ಎನ್ನುತ್ತಿದ್ದ.

‘ನಮ್ ಕೇಬಲ್ ಕೈಯಲ್ಲಿ ಹಿಡ್ಕೊಂಡಿದ್ದ, ನನ್ ಕಣ್ಣಾರೆ ನೋಡಿದೀನಿ!’ ಎಂದಳು ಚಿಕ್ಕಮ್ಮ. ‘ನಮ್ದು ನಿಲ್ಸಿ ತನ್ ಗಾಡಿಗೆ ಹಾಕ್ಕೊಳ್ಳಕ್ಕೆ ಬಂದವ್ನೆ.’

‘ಇಲ್ರಿ ಅಮ್ಮಾರ,’ ಎಂದ ಅವನು. ಉತ್ತರ ಕರ್ನಾಟಕದ ಮಾತು. ‘ವಾಯರ್ ದಾರ್ಯಾಗ ಬಿದ್ದಿತ್ರಿ. ಯಾರರ ಗಾಡಿ ಹತ್ತಸ್ತಾರ ಅಂತ ಬಾಜೂಕ ಸರಸಾಕ ಹತ್ತಿದ್ನಿ.’

‘ಕಥೆ ಹೇಳ್ಬೇಡ!’

ಅವನು ಸೆಕ್ಯೂರಿಟಿಯವನ ಕೈಯಿಂದ ಕಾಲರ್ ಬಿಡಿಸಿಕೊಂಡು, ಸ್ಕೂಟರಿನ ಹತ್ತಿರ ಹೋಗಿ ಅದರ ಸಣ್ಣ ಮುಚ್ಚಳ ತೆರೆದ. ‘ನಿಮ್ಮ ಕಾರಿಂದು ನನ್ನ ಗಾಡಿಗಿ ಹೆಂಗ ಹತ್ತತೈತ್ರಿ? ಬರ್ರಿ, ಹಾಕಿ ನೋಡ್ರಿ.’

ಮಹೇಶ ಕೀ ಒತ್ತಿ ಕಾರಿನ ಲಾಕ್ ತೆಗೆದ ಮೇಲೆಯೇ ಗನ್ನು ಹೊರಗೆ ಬಂತು. ಆ ಕ್ಷಣದಲ್ಲೇ ನಮಗೆ ಹೊಳೆಯಬೇಕಿತ್ತು: ಲಾಕ್ ತೆಗೆಯದೆ ಅದನ್ನು ಯಾರಿಂದಲೂ ಕೀಳಲಾಗುವುದಿಲ್ಲ. ಅವನು ಅದನ್ನು ಇಸಿದುಕೊಂಡು ತನ್ನ ಗಾಡಿಯ ಮುಂದೆ ಹಿಡಿದ. ಸ್ಕೂಟರಿನ ತೂತು ಎರಡು ಬೆರಳಿನಷ್ಟು ಅಗಲ. ಗನ್ನಿನ ಮೂತಿ ಒಂದು ದೊಡ್ಡ ಮುಷ್ಟಿ. ಅವನು ಎಲ್ಲರಿಗೂ ಕಾಣುವಂತೆ ಒಂದು ಸಲ ಒತ್ತಿ ತೋರಿಸಿ, ಗನ್ನನ್ನು ಜೋಪಾನವಾಗಿ ಯಂತ್ರಕ್ಕೆ ಸಿಕ್ಕಿಸಿದ. ಸೆಕ್ಯೂರಿಟಿಯವನು ಆಗ ಬಾಯಿ ಬಿಟ್ಟ: ‘ಮಷೀನ್ ಬೆಳಗ್ಗಿಂದ ತಾನೇ ಟ್ರಿಪ್ ಆಗ್ತಾ ಇದೆ ಸಾರ್.’

ಜನ ಕರಗತೊಡಗಿದರು. ಚಿಕ್ಕಮ್ಮ ಕದಲಲಿಲ್ಲ. ಅವಳು ಹೊರಟುಬಿಡಲಿ ಎಂದು ನಾನು ಕೈ ಹಿಡಿದು ಎಳೆದೆ. ಬಿಡಿಸಿಕೊಂಡಳು.

‘ಎಲ್ರೂ ನಿಂತ್ಕೊಳ್ಳಿ!’ ಎಂದು ಅದೇ ಧ್ವನಿಯಲ್ಲಿ ಕೂಗಿದಳು. ಕೆಲವರು ನಿಂತರು. ‘ಇವನು ಏನೂ ಮಾಡಿಲ್ಲ. ನಾನು ಸುಳ್ಳು ಹೇಳ್ದೆ. ತಪ್ಪು ನಂದು.’ ಆಮೇಲೆ ಅವನ ಕಡೆ ತಿರುಗಿ, ‘ತಪ್ಪಾಯ್ತು ಕಣಪ್ಪ’ ಅಂದಳು.

‘ಇರ್ಲಿ ಬಿಡ್ರಿ,’ ಎಂದ ಅವನು. ಅವಳ ಮುಖ ನೋಡಲಿಲ್ಲ.

ಅವಳು ನೇರವಾಗಿ ಫೋಟೋ ತೆಗೆದವನ ಹತ್ತಿರ ಹೋದಳು. ‘ಅಳಿಸಿ.’

‘ಅಳಿಸ್ತೀನಿ ಆಂಟಿ, ನೀವು ಹೋಗಿ.’

‘ನನ್ನೆದುರಿಗೆ ಅಳಿಸಿ. ಗ್ರೂಪಿಂದ್ಲೂ ತೆಗೀರಿ. ತೋರ್ಸಿ.’

ಅವನು ಗೊಣಗಿಕೊಂಡೇ ಅಳಿಸಿದ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು, ಗ್ರೂಪಿನಲ್ಲಿ ಫೋಟೋ ಇಲ್ಲವೆಂದು ಕಣ್ಣಾರೆ ನೋಡಿಯೇ ಬಿಟ್ಟದ್ದು. ತಿರುಗಿದರೆ ಸ್ಕೂಟರ್ ಹೊರಟುಹೋಗಿತ್ತು. ಅವನ ಗಾಡಿ ಚಾರ್ಜ್ ಆಗಿತ್ತೋ ಇಲ್ಲವೋ ಯಾರೂ ಕೇಳಿರಲಿಲ್ಲ.

ಅವಳನ್ನು ಮನೆಗೆ ಬಿಟ್ಟೆವು. ಇಳಿಯುವಾಗ, ‘ಹೆಸ್ರು ಕೂಡ ಕೇಳ್ಲಿಲ್ಲ ನೋಡು’ ಅಂದಳು.

ಕೆಲವು ವಾರಗಳ ನಂತರ ಮತ್ತೆ ಅದೇ ಜಾಗ. ಚಿಕ್ಕಮ್ಮನೇ ಅಲ್ಲಿ ನಿಲ್ಲಿಸಿ ಎಂದಿದ್ದಳು. ಅವನು ಅಲ್ಲಿದ್ದ. ಗೋಡೆಯ ಸಣ್ಣ ಸಾಕೆಟ್ಟಿಗೆ ಸ್ಕೂಟರ್ ಹಾಕಿ ಕಟ್ಟೆಯ ಮೇಲೆ ಕೂತಿದ್ದ. ನಮ್ಮ ಕಾರು ಕಂಡದ್ದೇ ಎದ್ದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಮೇಲೆತ್ತಿ ನಿಂತ. ‘ದೂರಾನ ಅದೀನ್ರಿ ಅಮ್ಮಾರ,’ ಎಂದ. ಅಣಕಿಸುತ್ತಿರಲಿಲ್ಲ. ನಿಜವಾಗಿ ಹೆದರಿದ್ದ.

ಚಿಕ್ಕಮ್ಮ ಇಳಿದು ಹೋದಳು. ಸೆರಗು ಸರಿಮಾಡಿಕೊಂಡಳು. ಕೊನೆಗೆ, ‘ಊಟ ಆಯ್ತೇನಪ್ಪ?’ ಅಂದಳು.

‘ಆಗೇತ್ರಿ.’

‘ನಿನ್ನ ಹೆಸ್ರೇನು?’

ಅವನು ಕೈ ಇಳಿಸಿದ. ‘ಯಾಕ್ರಿ?’

‘ಸುಮ್ನೆ ಕೇಳ್ದೆ.’

ಅವನು ಅವಳನ್ನೇ ನೋಡುತ್ತ ನಿಂತ. ಜನರನ್ನು ಹಾಗೆ ಅಳೆದು ನೋಡುವುದನ್ನು ನಾನು ಚಿಕ್ಕಮ್ಮನಲ್ಲೇ ಕಂಡಿದ್ದೆ. ಹೆಸರು ಹೇಳಲಿಲ್ಲ. ಅವಳೂ ಒತ್ತಾಯಿಸಲಿಲ್ಲ.

ಆಮೇಲೆ ಅವಳು ಕಾರಿನ ಕಾವಲು ನಿಲ್ಲುವುದನ್ನು ಬಿಟ್ಟಳು. ಹಣ್ಣಿನವನನ್ನು, ಟ್ಯಾಂಕಿನವನನ್ನು ಬಿಡಲಿಲ್ಲ, ಅದು ಬೇರೆ. ನಾನು ಕೊನೆಯ ಸಲ ಅವಳ ಮನೆಗೆ ಹೋದಾಗ ಜಗುಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಮೆಟ್ರೋ ಹಾದುಹೋಗುವ ಸದ್ದು ಮುಗಿಯಲಿ ಎಂದು ಕಾದು, ‘ಅವನು ಹೆಸ್ರು ಹೇಳ್ದೇ ಇದ್ದಿದ್ದು ಸರೀನೇ ಕಣೇ’ ಅಂದಳು. ‘ನಾನಾಗಿದ್ರೂ ಹೇಳ್ತಿರ್ಲಿಲ್ಲ.’ ಅದಾದ ಮುಂದಿನ ವಾರ, ಬೆಳಿಗ್ಗೆ ಹಾಲಿನವನು ಎಷ್ಟು ಕರೆದರೂ ಅವಳು ಬಾಗಿಲು ತೆರೆಯಲಿಲ್ಲ. ನಿದ್ದೆಯಲ್ಲೇ ಹೋಗಿದ್ದಳು.

ತಿಥಿ ಕಳೆದ ಮೇಲೆ ಒಬ್ಬಳೇ ಕಾರು ತೆಗೆದುಕೊಂಡು ಕೆಂಗೇರಿಯ ಆ ಹೋಟೆಲಿಗೆ ಹೋಗಿದ್ದೆ. ಆ ಸ್ಕೂಟರಿನವನು ಗಾಡಿಯ ಪ್ಲಗ್ ಕಿತ್ತು ಹೊರಡುತ್ತಿದ್ದ. ನನ್ನ ಪಕ್ಕದ ಖಾಲಿ ಸೀಟಿನ ಕಡೆ ನೋಡಿದ. ಕೇಳಲಿಲ್ಲ, ಆದರೂ ಹೇಳಿದೆ. ‘ನಮ್ಮ ಚಿಕ್ಕಮ್ಮ ಹೋಗ್ಬಿಟ್ರು.’

ಅವನು ಕೈಯಲ್ಲಿದ್ದ ಹೆಲ್ಮೆಟ್ಟಿನ ಧೂಳು ಒರೆಸಿದ. ಆಮೇಲೆ ಹಾಕಿಕೊಂಡ, ಗಾಡಿ ತಿರುಗಿಸಿದ, ನನ್ನ ಕಿಟಕಿಯ ಹತ್ತಿರ ಬಂದು ಕಾಲೂರಿ ನಿಲ್ಲಿಸಿದ.

‘ಸಿದ್ದಪ್ಪ ಅಂತ್ರಿ ನನ್ನ ಹೆಸ್ರು,’ ಎಂದು ಹೇಳಿ ರಸ್ತೆಗಿಳಿದ.